ಗುಬ್ಬಿಯ ಗೋದಾಮಿನಲ್ಲೊಂದು ಹೆಲಿಕಾಪ್ಟರ್: ವಿಮಾನ ಸಂಗ್ರಹಾಲಯ ಕಟ್ಟುವವರಿಗೆ

ಪ್ರಶ್ನೆ: ಗುಬ್ಬಿ ಮತ್ತು ತುಮಕೂರಿನ ಕೆಲವು ನಿವೃತ್ತ ಶಿಕ್ಷಕರು, ಎಂಜಿನಿಯರುಗಳು ಸೇರಿ ಒಂದು ಟ್ರಸ್ಟ್ ಮಾಡಿಕೊಂಡಿದ್ದೇವೆ. ತುಮಕೂರು–ಶಿವಮೊಗ್ಗ ಹೆದ್ದಾರಿಯ ಪಕ್ಕದಲ್ಲಿ ನಮಗೆ ಎರಡು ಎಕರೆ ಜಾಗವಿದೆ, ಅದರಲ್ಲಿ ಹಳೆಯ ಕೊಬ್ಬರಿ ಗೋದಾಮು ಇದೆ. ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಬಂದ ಮೇಲೆ ಈ ಭಾಗದ ಮಕ್ಕಳಿಗೆ ಒಂದು ವಿಮಾನ ವಸ್ತುಸಂಗ್ರಹಾಲಯ ಬೇಕು ಎನ್ನಿಸಿದೆ. ಸೇನೆಯಿಂದ ನಿವೃತ್ತವಾದ ಒಂದು ಯುದ್ಧವಿಮಾನವನ್ನು ತಂದು ಮುಂಭಾಗದಲ್ಲಿ ಕಂಬದ ಮೇಲೆ ನಿಲ್ಲಿಸುವುದು, ಒಳಗೆ ಚಿತ್ರಪಟಗಳು, ಮಾದರಿಗಳು, ಒಂದು ಸಿಮ್ಯುಲೇಟರ್ ಇಡುವುದು ಸದ್ಯದ ಯೋಜನೆ. ಜನ ಬಂದು ಫೋಟೊ ತೆಗೆಸಿಕೊಂಡು ಹೋಗುವ ಜಾಗ ಆಗಬಾರದು ಎಂಬುದು ನಮ್ಮ ಆಸೆ. ದಯವಿಟ್ಟು ಸಲಹೆ ಕೊಡಿ.

ಉತ್ತರ: ಮೊದಲು ಆ ಕಂಬವನ್ನು ಕೈಬಿಡಿ. ಎತ್ತರಕ್ಕೆ ಏರಿಸಿದ ವಿಮಾನದಲ್ಲಿ ನೋಡುಗರಿಗೆ ಸಿಗುವುದು ಅದರ ಹೊಟ್ಟೆ ಮಾತ್ರ. ಚಾಲಕ ಕೂರುವ ಜಾಗ, ರೆಕ್ಕೆಯ ಮಡಿಕೆಗಳು, ಸಾಲುಸಾಲಾಗಿ ಹೊಡೆದ ರಿವೆಟ್‌ಗಳು, ಎಂಜಿನ್ನಿನ ಬಾಯಿ, ಇವು ಯಾವುವೂ ಎಟುಕುವುದಿಲ್ಲ. ಮಳೆ ಬಿಸಿಲಿಗೆ ಬಣ್ಣ ಮಾಸುತ್ತದೆ, ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳ ಹಳದಿಗಟ್ಟಿ ಬಿರುಕು ಬಿಡುತ್ತದೆ, ಗಾಳಿ ಹೋಗುವ ದಾರಿಗಳಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ. ಕೆಲವು ವರ್ಷಗಳ ನಂತರ ಅದನ್ನು ಕೆಳಗಿಳಿಸಿ ದುರಸ್ತಿ ಮಾಡಲು ಕ್ರೇನಿಗೆ ಹಣ ಹೊಂದಿಸಲಾಗದೆ ನಿಮ್ಮ ಟ್ರಸ್ಟ್ ಕೈಚೆಲ್ಲುತ್ತದೆ. ನಮ್ಮ ಊರುಗಳಲ್ಲಿ ವೃತ್ತಗಳ ನಡುವೆ ನಿಂತ ಎಷ್ಟೋ ವಿಮಾನಗಳ ಗತಿ ಇದೇ ಆಗಿದೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಎರಡನೆಯದಾಗಿ, ಯುದ್ಧವಿಮಾನ ಏಕೆ? ನಿಮ್ಮಿಂದ ಸುಮಾರು ತೊಂಬತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ವಿಮಾನ ತಯಾರಿಸುವ ಎಚ್‌ಎಎಲ್ ಸಂಸ್ಥೆಯ ಪಾರಂಪರಿಕ ಕೇಂದ್ರ ಮತ್ತು ವಸ್ತುಸಂಗ್ರಹಾಲಯ 2001ರಿಂದ ನಡೆಯುತ್ತಿದೆ. ಎಚ್‌ಟಿ-2, ಕಿರಣ್ ಎಂಬ ತರಬೇತಿ ವಿಮಾನಗಳು, ಮಾರುತ್ ಎಂಬ ಯುದ್ಧವಿಮಾನ ಮುಂತಾದವು ಅಲ್ಲಿವೆ. ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ರೈಟ್ ಸೋದರರ ವಿಮಾನದ ಪೂರ್ಣಗಾತ್ರದ ಪ್ರತಿಕೃತಿ ಇದೆ, ಆವರಣದಲ್ಲಿ ಒಂದು ಮಾರುತ್ ಕೂಡ ನಿಂತಿದೆ. ಅವರ ಸಂಗ್ರಹದೊಂದಿಗೆ ಸ್ಪರ್ಧಿಸಿ ನೀವು ಗೆಲ್ಲಲಾರಿರಿ, ಗೆಲ್ಲುವ ಅಗತ್ಯವೂ ಇಲ್ಲ. ನಿಮ್ಮ ತಾಲ್ಲೂಕಿನಲ್ಲಿ ಇರುವ ಒಂದು ಸಂಗತಿ ಬೆಂಗಳೂರಿನ ಸಂಗ್ರಹಾಲಯಗಳಿಗೂ ಇಲ್ಲ: 615 ಎಕರೆಯಲ್ಲಿ, 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ, ದೇಶದ ಅತಿ ದೊಡ್ಡ ಹೆಲಿಕಾಪ್ಟರ್ ಕಾರ್ಖಾನೆ. ಶಾಲೆಗೆ ಹೋಗುವ ಮಕ್ಕಳು ದಾರಿಯಲ್ಲಿ ನೋಡುವ ಆ ಉದ್ದನೆಯ ಕಾಂಪೌಂಡಿನ ಆಚೆ ಏನು ನಡೆಯುತ್ತದೆ ಎಂದು ಅವರಿಗೆ ಹೇಳುವವರಿಲ್ಲ. ಭದ್ರತೆಯ ಕಾರಣಕ್ಕೆ ಎಲ್ಲರನ್ನೂ ಒಳಗೆ ಬಿಡುವಂತಿಲ್ಲ. ಆ ಗೋಡೆಯ ಒಳಗಿನ ಕೆಲಸವನ್ನು ಈಚೆಯವರಿಗೆ ಅರ್ಥಮಾಡಿಸುವುದೇ ನಿಮ್ಮ ಸಂಗ್ರಹಾಲಯದ ಉದ್ದೇಶವಾಗಲಿ. ಹಾಗಾದರೆ ಅದು ಹೆಲಿಕಾಪ್ಟರ್ ಸಂಗ್ರಹಾಲಯವಾಗಬೇಕು, ಅದರಲ್ಲೂ ಹೆಲಿಕಾಪ್ಟರನ್ನು ಮಾಡುವ ಕೈಗಳ ಸಂಗ್ರಹಾಲಯವಾಗಬೇಕು.

ಯಾವ ಹೆಲಿಕಾಪ್ಟರ್ ಎಂದರೆ, ನನ್ನ ಆಯ್ಕೆ ಚೇತಕ್. 1960ರ ದಶಕದಿಂದ ಫ್ರೆಂಚ್ ಪರವಾನಗಿಯಡಿ ಬೆಂಗಳೂರಿನಲ್ಲಿ ತಯಾರಾದ ಯಂತ್ರವಿದು. ಚೇತಕ್ ಮತ್ತು ಅದರ ಜೊತೆಗಾರ ಚೀತಾದ ಜಾಗಕ್ಕೆ ಬರಬೇಕಾದ ಲಘು ಉಪಯೋಗಿ ಹೆಲಿಕಾಪ್ಟರಿಗಾಗಿಯೇ ಬಿದರೆಹಳ್ಳ ಕಾವಲಿನ ಕಾರ್ಖಾನೆ ಮೊದಲು ರೂಪುಗೊಂಡದ್ದು. ಮೂರು ಟನ್ ವರ್ಗದ, ಒಂದೇ ಎಂಜಿನ್ನಿನ ಆ ಹೊಸ ಯಂತ್ರ 2016ರ ಸೆಪ್ಟೆಂಬರ್ 6ರಂದು ಮೊದಲ ಬಾರಿ ಹಾರಿತು. ನಿವೃತ್ತವಾದ ಅಜ್ಜ ಗೋದಾಮಿನಲ್ಲಿ, ಮೊಮ್ಮಗ ಪಕ್ಕದ ಕಾರ್ಖಾನೆಯಲ್ಲಿ: ಇಷ್ಟು ನೇರವಾದ ಕಥೆ ದೇಶದ ಬೇರೆ ಯಾವ ಊರಿಗೂ ಇಲ್ಲ. ಇನ್ನು ಅನುಕೂಲದ ಮಾತು. ಚೇತಕ್‌ನ ಒಡಲು ಸುಮಾರು ಹತ್ತು ಮೀಟರ್ ಉದ್ದ, ಮೂರು ಮೀಟರ್ ಎತ್ತರ. ಮೇಲೆ ಸುತ್ತುವ ಮೂರು ರೆಕ್ಕೆಗಳನ್ನು ಬಿಚ್ಚಿದರೆ ಲಾರಿಯಲ್ಲಿ ತರಬಹುದು, ಗೋದಾಮಿನ ಬಾಗಿಲಲ್ಲಿ ತೂರಿಸಬಹುದು. ಸೇವೆಯಿಂದ ನಿವೃತ್ತವಾದ ವಿಮಾನಗಳನ್ನು ಸೇನೆ ಸಂಸ್ಥೆಗಳಿಗೆ ಪ್ರದರ್ಶನಕ್ಕೆಂದು ಕೊಡುವುದುಂಟು. ಅರ್ಜಿ ಹಾಕುವಾಗ ಚೇತಕ್ ಬೇಕೆಂದು, ಏಕೆ ಬೇಕೆಂದು ಸ್ಪಷ್ಟವಾಗಿ ಬರೆಯಿರಿ.

ಅದನ್ನು ನೆಲದ ಮೇಲೆ ಇಡಿ, ಸುತ್ತಲೂ ನಡೆದಾಡುವಂತಿರಲಿ. ಮೂರು ರೆಕ್ಕೆಗಳಲ್ಲಿ ಎರಡನ್ನು ಮಾತ್ರ ಜೋಡಿಸಿ. ಮೂರನೆಯದನ್ನು ಪಕ್ಕದಲ್ಲಿ ಏಳು ವರ್ಷದ ಮಗುವಿನ ಕೈಗೆ ಎಟುಕುವ ಎತ್ತರದಲ್ಲಿ ಮಲಗಿಸಿಡಿ. ಹೆಲಿಕಾಪ್ಟರಿನ ರೆಕ್ಕೆ ಎಷ್ಟು ತೆಳ್ಳಗೆ, ಎಷ್ಟು ಉದ್ದ, ತುದಿ ಹಿಡಿದು ಅಲ್ಲಾಡಿಸಿದರೆ ಹೇಗೆ ಬಳುಕುತ್ತದೆ ಎಂಬುದು ಮುಟ್ಟಿದವರಿಗೆ ಮಾತ್ರ ಗೊತ್ತಾಗುವ ಸಂಗತಿ. ಇಡೀ ಯಂತ್ರದ ಭಾರ ಹೊರುವುದು ಇದೇ ತೆಳ್ಳನೆಯ ಪಟ್ಟಿ ಎಂದು ತಿಳಿದಾಗ ದೊಡ್ಡವರೂ ಒಂದು ಕ್ಷಣ ಸುಮ್ಮನಾಗುತ್ತಾರೆ.

ನೆಲದ ಮೇಲೆ ರೋಟರ್, ಅಂದರೆ ಆ ಮೂರು ರೆಕ್ಕೆಗಳ ಚಕ್ರ, ಸುತ್ತುವ ವೃತ್ತವನ್ನು ಬಿಳಿ ಬಣ್ಣದಲ್ಲಿ ಬರೆಸಿ. ವ್ಯಾಸ ಸುಮಾರು 11 ಮೀಟರ್. ಆ ವೃತ್ತದ ಅಂಚಿನಲ್ಲಿ ಒಂದು ಸುತ್ತು ನಡೆದರೆ ಸುಮಾರು 35 ಮೀಟರ್ ಆಗುತ್ತದೆ. 1903ರ ಡಿಸೆಂಬರ್ 17ರಂದು ರೈಟ್ ಸೋದರರ ವಿಮಾನ ತನ್ನ ಮೊದಲ ಹಾರಾಟದಲ್ಲಿ ಸಾಗಿದ ದೂರವೂ ಹೆಚ್ಚುಕಡಿಮೆ ಅಷ್ಟೇ, 120 ಅಡಿ. ಅದಕ್ಕೆ 12 ಸೆಕೆಂಡು ಹಿಡಿಯಿತು. ಚೇತಕ್‌ನ ರೋಟರ್ ನಿಮಿಷಕ್ಕೆ ಸುಮಾರು 350 ಸುತ್ತು ತಿರುಗುವುದರಿಂದ ರೆಕ್ಕೆಯ ತುದಿ ಆ ದೂರವನ್ನು ಸೆಕೆಂಡಿನ ಆರನೇ ಒಂದು ಭಾಗದಲ್ಲಿ ಕ್ರಮಿಸುತ್ತದೆ. ಗಂಟೆಗೆ 700 ಕಿಲೋಮೀಟರಿಗೂ ಹೆಚ್ಚು ವೇಗ! ಮಕ್ಕಳನ್ನು ವೃತ್ತದ ಮೇಲೆ ಓಡಿಸಿ, ಸ್ಟಾಪ್‌ವಾಚ್ ಹಿಡಿಸಿ, ಲೆಕ್ಕವನ್ನು ಅವರಿಂದಲೇ ಹಾಕಿಸಿ. ಹೈಸ್ಕೂಲಿನವರಾದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಹೆಲಿಕಾಪ್ಟರ್ ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಮುಂದೆ ಹೋಗುತ್ತಿದೆ ಎಂದುಕೊಳ್ಳಿ. ಒಂದು ಬದಿಯಲ್ಲಿ ಮುಂದಕ್ಕೆ ಬೀಸುವ ರೆಕ್ಕೆಗೆ ಎದುರಾಗುವ ಗಾಳಿಯ ವೇಗ ಆ 150 ಕೂಡಿ 880ರ ಹತ್ತಿರ ಹೋಗುತ್ತದೆ, ಇನ್ನೊಂದು ಬದಿಯಲ್ಲಿ ಹಿಂದಕ್ಕೆ ಸರಿಯುವ ರೆಕ್ಕೆಗೆ 150 ಕಳೆದು 580ಕ್ಕೆ ಇಳಿಯುತ್ತದೆ. ಹಾಗಾದರೆ ಯಂತ್ರ ಒಂದು ಕಡೆಗೆ ಮಗುಚಿಬೀಳಬೇಕಲ್ಲ, ಏಕೆ ಬೀಳುವುದಿಲ್ಲ? ಹೆಲಿಕಾಪ್ಟರ್ ವಿಜ್ಞಾನದ ಅತಿ ಸುಂದರವಾದ ಪ್ರಶ್ನೆ ಇದು. ಉತ್ತರವನ್ನು ಫಲಕದಲ್ಲಿ ಬರೆಯಬೇಡಿ. ರೋಟರಿನ ಬುಡದಲ್ಲಿರುವ ಕೀಲುಗಳನ್ನೂ, ಚಾಲಕನ ಕೈಯ ಚಲನೆಯನ್ನು ರೆಕ್ಕೆಗಳಿಗೆ ದಾಟಿಸುವ ಸ್ವಾಶ್‌ಪ್ಲೇಟ್ ಎಂಬ ತಟ್ಟೆಯನ್ನೂ ಕೈಯಿಂದ ಅಲುಗಾಡಿಸಿ ನೋಡುವಂತೆ ಒಂದು ಮರದ ದೊಡ್ಡ ಮಾದರಿ ಮಾಡಿಸಿ ಪಕ್ಕದಲ್ಲೇ ಇಡಿ. ರೆಕ್ಕೆಗಳು ತುಸು ಮೇಲೆ ಕೆಳಗೆ ಆಡುತ್ತ, ಸುತ್ತುವಾಗ ತಮ್ಮ ಓರೆಯನ್ನು ಬದಲಿಸಿಕೊಳ್ಳುತ್ತ ಎರಡು ಬದಿಯ ಬಲವನ್ನು ಸರಿದೂಗಿಸುವುದು ಕೈಗೆ ತಿಳಿಯುತ್ತದೆ. ನಿಮ್ಮ ಕಡೆಯ ಮರಗೆಲಸದವರಿಗೆ ನಕ್ಷೆ ಕೊಟ್ಟರೆ ಇದನ್ನು ಚೆನ್ನಾಗಿ ಮಾಡಿಕೊಡುತ್ತಾರೆ.

ಈಗ ಬೀಜದ ವಿಷಯ. ನಿಮ್ಮ ಜಿಲ್ಲೆಯ ರೈತರು ಹೊಲದ ಬದುಗಳಲ್ಲಿ ಮಹಾಗನಿ ಹಾಕುತ್ತಿದ್ದಾರೆ. ಅದರ ಕಾಯಿ ಒಡೆದಾಗ ಒಂದು ರೆಕ್ಕೆಯ ಬೀಜಗಳು ಗಿರಗಿರನೆ ಸುತ್ತುತ್ತ ನಿಧಾನವಾಗಿ ಇಳಿಯುತ್ತವೆ. ಎರಡು ಮೀಟರ್ ಎತ್ತರದ ಪಾರದರ್ಶಕ ಕೊಳವೆಯೊಂದನ್ನು ನಿಲ್ಲಿಸಿ, ಕೆಳಗಿನಿಂದ ಕುಲುಮೆಯವರು ಬಳಸುವ ಕೈಬ್ಲೋವರ್‌ನಿಂದ ಗಾಳಿ ಬಿಡುವಂತೆ ಮಾಡಿ. ಒಬ್ಬ ಹುಡುಗಿ ಹಿಡಿಕೆ ತಿರುಗಿಸುತ್ತಾಳೆ, ಇನ್ನೊಬ್ಬಳು ಮೇಲಿನಿಂದ ಬೀಜ ಬಿಡುತ್ತಾಳೆ. ಗಾಳಿಯ ವೇಗ ಸರಿಯಾಗಿ ಕೂಡಿಬಂದರೆ ಬೀಜ ಕೊಳವೆಯ ನಡುವೆಯೇ ಸುತ್ತುತ್ತ ನಿಂತುಬಿಡುತ್ತದೆ. ಸಂಗ್ರಹಾಲಯಕ್ಕೆ ಬಂದವರೆಲ್ಲ ಕೇಳುವ ಪ್ರಶ್ನೆಯೊಂದಿದೆ: ಎಂಜಿನ್ ಕೆಟ್ಟರೆ ಹೆಲಿಕಾಪ್ಟರ್ ಕತೆ ಮುಗಿಯಿತೇ? ಆ ಪ್ರಶ್ನೆಗೆ ಉತ್ತರ ಈ ಕೊಳವೆಯಲ್ಲಿದೆ. ಎಂಜಿನ್ ನಿಂತೊಡನೆ ಚಾಲಕ ಎಡಗೈಯ ಲಿವರನ್ನು ಕೆಳಗೆ ತಳ್ಳಿ ರೆಕ್ಕೆಗಳ ಓರೆಯನ್ನು ಕಡಿಮೆ ಮಾಡುತ್ತಾನೆ. ಯಂತ್ರ ಕೆಳಗಿಳಿಯುವಾಗ ಕೆಳಗಿನಿಂದ ನುಗ್ಗುವ ಗಾಳಿಯೇ ರೋಟರನ್ನು ತಿರುಗಿಸುತ್ತ ಹೋಗುತ್ತದೆ. ನೆಲ ಹತ್ತಿರ ಬಂದಾಗ ಲಿವರನ್ನು ಮೇಲೆಳೆದು, ಸುತ್ತುವ ರೆಕ್ಕೆಗಳಲ್ಲಿ ಕೂಡಿಟ್ಟ ಶಕ್ತಿಯನ್ನು ಖರ್ಚು ಮಾಡಿ ಮೆತ್ತಗೆ ಇಳಿಸುತ್ತಾನೆ. ಈ ಇಳಿತವನ್ನು ಪೈಲಟ್‌ಗಳು ತರಬೇತಿಯಲ್ಲಿಯೇ ಅಭ್ಯಾಸ ಮಾಡುತ್ತಾರೆ. ಬೀಜ ಸುತ್ತಿದ್ದನ್ನು ಕಣ್ಣಾರೆ ಕಂಡವನಿಗೆ ಇದನ್ನು ಎರಡು ವಾಕ್ಯದಲ್ಲಿ ಹೇಳಬಹುದು, ಕಾಣದವನಿಗೆ ಎರಡು ಪುಟದಲ್ಲಿಯೂ ಕಷ್ಟ.

ಇದೇ ಮೂಲೆಯಲ್ಲಿ ತೆಂಗಿನ ಗರಿಯ ಗಿರಗಿಟ್ಲೆ ಮಾಡಿಕೊಡುವ ಒಬ್ಬ ಅಜ್ಜಿಯನ್ನೋ ತಾತನನ್ನೋ ಕೂರಿಸಿ, ಸಂಬಳ ಕೊಟ್ಟು ಕೂರಿಸಿ. ಗರಿಯನ್ನು ಮಡಿಸುವಾಗ ಓರೆ ಹೆಚ್ಚು ಕೊಟ್ಟರೆ ಏನಾಗುತ್ತದೆ, ಕಡಿಮೆ ಕೊಟ್ಟರೆ ಏನಾಗುತ್ತದೆ ಎಂದು ಮಕ್ಕಳು ಅವರನ್ನೇ ಕೇಳಲಿ.

ವಿಮಾನ ಏಕೆ ಹಾರುತ್ತದೆ ಎಂಬ ಫಲಕ ಬರೆಸುವ ಮುನ್ನ ಒಂದು ಎಚ್ಚರಿಕೆ. ರೆಕ್ಕೆಯ ಮೇಲ್ಭಾಗ ಉಬ್ಬಿರುವುದರಿಂದ ಮೇಲಿನ ಗಾಳಿಗೆ ದೂರ ಹೆಚ್ಚು, ಕೆಳಗಿನ ಗಾಳಿಯ ಜೊತೆ ಅದೇ ಹೊತ್ತಿಗೆ ಹಿಂಬದಿ ಸೇರಬೇಕಾದ್ದರಿಂದ ಅದು ವೇಗವಾಗಿ ಓಡುತ್ತದೆ ಎಂಬ ವಿವರಣೆ ಬಹಳ ಕಡೆ ಇದೆ, ಕೆಲವು ಪಠ್ಯಗಳಲ್ಲೂ ಇದೆ. ಅದು ತಪ್ಪು. ಎರಡೂ ಗಾಳಿ ಒಟ್ಟಿಗೆ ಸೇರಬೇಕೆಂಬ ನಿಯಮ ಇಲ್ಲ. ವಾಸ್ತವದಲ್ಲಿ ಮೇಲಿನ ಗಾಳಿ ಮೊದಲೇ ಹಿಂಬದಿ ತಲುಪುತ್ತದೆ. ಆ ವಿವರಣೆ ನಿಜವಾಗಿದ್ದರೆ ವಿಮಾನಗಳು ತಲೆಕೆಳಗಾಗಿ ಹಾರಲು ಆಗುತ್ತಿರಲಿಲ್ಲ. ರೆಕ್ಕೆ ತನ್ನ ಓರೆಯಿಂದಲೂ ಆಕಾರದಿಂದಲೂ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ಅದಕ್ಕೆ ಪ್ರತಿಯಾಗಿ ಗಾಳಿ ರೆಕ್ಕೆಯನ್ನು ಮೇಲಕ್ಕೆ ಒತ್ತುತ್ತದೆ. ಮೇಲೆ ಒತ್ತಡ ಕಡಿಮೆ, ಕೆಳಗೆ ಹೆಚ್ಚು ಎನ್ನುವುದು ಅದೇ ಘಟನೆಯ ಇನ್ನೊಂದು ಲೆಕ್ಕ. ಇದನ್ನು ತೋರಿಸಲು ಗಾಳಿಸುರಂಗವೊಂದನ್ನು ನೀವೇ ಮಾಡಿಕೊಳ್ಳಬಹುದು: ಉದ್ದನೆಯ ಪ್ಲೈವುಡ್ ಪೆಟ್ಟಿಗೆ, ಒಂದು ಬದಿಗೆ ಗಾಜು, ಹಿಂದೆ ಗಾಳಿಯನ್ನು ಹೊರಗೆಳೆಯುವ ಎಗ್ಸಾಸ್ಟ್ ಫ್ಯಾನ್, ಮುಂದೆ ಗಾಳಿಯನ್ನು ನೇರ ಮಾಡಲು ಒತ್ತೊತ್ತಾಗಿ ಜೋಡಿಸಿದ ಸ್ಟ್ರಾಗಳು. ಒಳಗೆ ರೆಕ್ಕೆಯ ಮಾದರಿ, ಅದರ ಮೈತುಂಬ ಅಂಟಿಸಿದ ಉಣ್ಣೆ ದಾರದ ತುಣುಕುಗಳು, ಕೆಳಗೆ ತರಕಾರಿ ತೂಗುವ ಡಿಜಿಟಲ್ ತಕ್ಕಡಿ. ಹೊರಗಿನ ಹಿಡಿಕೆಯಿಂದ ರೆಕ್ಕೆಯ ಓರೆ ಹೆಚ್ಚಿಸುತ್ತ ಹೋದಂತೆ ತಕ್ಕಡಿಯಲ್ಲಿ ತೂಕ ಇಳಿಯುತ್ತದೆ. ಒಂದು ಹಂತ ದಾಟಿದೊಡನೆ ದಾರಗಳು ದಿಕ್ಕೆಟ್ಟು ಕುಣಿಯತೊಡಗುತ್ತವೆ, ತೂಕ ಮತ್ತೆ ಏರುತ್ತದೆ. ರೆಕ್ಕೆ ಬಲಗುಂದುವ ಆ ಕ್ಷಣವನ್ನು ಹುಡುಕಿ ಹಿಡಿಯಲು ಮಕ್ಕಳು ಮತ್ತೆ ಮತ್ತೆ ಬರುತ್ತಾರೆ.

ಇಷ್ಟು ಹಾರಾಟದ ವಿಷಯ. ನಾನು ಹೆಚ್ಚು ಜಾಗ ಕೇಳುವುದು ಕಟ್ಟುವ ಕೆಲಸಕ್ಕೆ. ಗೋದಾಮಿನ ಅರ್ಧವನ್ನಾದರೂ ಅದಕ್ಕೆ ಬಿಡಿ.

ವಿಮಾನದ ಮೈ ಎಂದರೆ ತೆಳು ಅಲ್ಯೂಮಿನಿಯಂ ಮಿಶ್ರಲೋಹದ ಹಾಳೆ, ಒಳಗೆ ಚೌಕಟ್ಟು, ಎರಡನ್ನೂ ಹಿಡಿದಿಡುವ ಸಾವಿರಾರು ರಿವೆಟ್‌ಗಳು. ರಿವೆಟ್ ಹೊಡೆಯಲು ಇಬ್ಬರು ಬೇಕು. ಹೊರಗೆ ಒಬ್ಬರು ಗನ್ ಹಿಡಿದರೆ, ಒಳಗೆ ಇನ್ನೊಬ್ಬರು ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಇಬ್ಬರೂ ಒಬ್ಬರನ್ನೊಬ್ಬರು ಕಾಣಲಾರರು, ಸದ್ದು ಮತ್ತು ಕೈಗೆ ಬರುವ ಅದುರು ಮಾತ್ರ ಅವರ ಭಾಷೆ. ಮಕ್ಕಳ ಕೈಗೆ ರಿವೆಟ್ ಗನ್ ಕೊಡುವಂತಿಲ್ಲ, ಆದರೆ ಕ್ಲೀಕೋ ಕೊಡಬಹುದು. ರಿವೆಟ್ ಹೊಡೆಯುವ ಮುನ್ನ ಹಾಳೆಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಸ್ಪ್ರಿಂಗ್ ಪಿನ್ನುಗಳು ಅವು. ಇಕ್ಕಳದಿಂದ ಒತ್ತಿ ರಂಧ್ರದಲ್ಲಿ ತೂರಿಸಿ ಬಿಟ್ಟರೆ ಕಚ್ಚಿಕೊಳ್ಳುತ್ತವೆ, ಮತ್ತೆ ಒತ್ತಿದರೆ ಬಿಡುತ್ತವೆ. ಅಳತೆಗೊಂದು ಬಣ್ಣ: ಇಂಚಿನ ಎಂಟನೇ ಒಂದು ಭಾಗದ ರಂಧ್ರಕ್ಕೆ ತಾಮ್ರದ ಬಣ್ಣದ್ದು, ಅದಕ್ಕಿಂತ ಚಿಕ್ಕದಕ್ಕೆ ಬೆಳ್ಳಿ ಬಣ್ಣದ್ದು, ದೊಡ್ಡದಕ್ಕೆ ಕಪ್ಪು. ಮೊದಲೇ ರಂಧ್ರ ಕೊರೆದ ಹಾಳೆಗಳನ್ನೂ ಚೌಕಟ್ಟಿನ ತುಂಡುಗಳನ್ನೂ ಕೊಟ್ಟರೆ ನಾಲ್ಕು ಮಕ್ಕಳು ಸೇರಿ ಬಾಲದ ಒಂದು ಭಾಗವನ್ನು ಕಟ್ಟುತ್ತಾರೆ, ಮುಂದಿನ ತಂಡಕ್ಕೆ ಬಿಚ್ಚಿಡುತ್ತಾರೆ. ಕಾರ್ಖಾನೆಯ ಕೆಲಸಗಾರರು ಬಳಸುವ ನಿಜವಾದ ಉಪಕರಣ ಇದು, ಆಟಿಕೆಯಲ್ಲ ಎಂದು ಅವರಿಗೆ ಹೇಳಿ. ಆ ಮಾತು ಕೇಳಿದ ಮೇಲೆ ಅವರು ಅದನ್ನು ಹಿಡಿಯುವ ರೀತಿಯೇ ಬದಲಾಗುತ್ತದೆ.

ಪಕ್ಕದ ಮೇಜಿನಲ್ಲಿ ಒಂದೇ ಅಳತೆಯ ಎರಡು ಹಲಗೆಗಳಿರಲಿ, ಒಂದು ಗಟ್ಟಿ ಅಲ್ಯೂಮಿನಿಯಂ, ಇನ್ನೊಂದು ನಡುವೆ ಜೇನುಗೂಡಿನ ರಚನೆಯಿರುವ ಟೊಳ್ಳು ಹಲಗೆ. ಎತ್ತಿ ನೋಡಲಿ, ಮೇಲೆ ನಿಂತು ನೋಡಲಿ.

ಅದರ ಮುಂದೆ ತಪಾಸಣೆಯ ಮೇಜು. ಇದರ ಬಗ್ಗೆ ನಿಮ್ಮ ಟ್ರಸ್ಟಿನಲ್ಲಿ ಭಿನ್ನಾಭಿಪ್ರಾಯ ಬರಬಹುದು, ಆದರೂ ಒತ್ತಾಯಿಸಿ ಹೇಳುತ್ತೇನೆ: ಅಪಘಾತಗಳ ಬಗ್ಗೆ ಮೌನವಾಗಿರಬೇಡಿ. 2025ರ ಜನವರಿಯಲ್ಲಿ ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ್ ಹೆಲಿಕಾಪ್ಟರ್ ಅಪಘಾತಕ್ಕೀಡಾಗಿ ಸಿಬ್ಬಂದಿ ಮಡಿದರು. ಆ ಬಳಿಕ ದೇಶದ ಧ್ರುವ್‌ಗಳ ಹಾರಾಟವನ್ನೇ ನಿಲ್ಲಿಸಿ ಪರಿಶೀಲಿಸಲಾಯಿತು. ನಿಮ್ಮ ಸಂಗ್ರಹಾಲಯಕ್ಕೆ ಬರುವ ಮಕ್ಕಳಲ್ಲಿ ಕೆಲವರು ಮುಂದೆ ಇಂಥ ಯಂತ್ರಗಳನ್ನು ಜೋಡಿಸುವವರು, ತಪಾಸಣೆ ಮಾಡುವವರು. ಕಣ್ಣಿಗೆ ಕಾಣದ ಬಿರುಕು ಏನು ಮಾಡಬಲ್ಲದು ಎಂದು ಅವರಿಗೆ ಗೊತ್ತಿರಬೇಕು. ಕಾರ್ಖಾನೆಗಳಲ್ಲಿ ಬಿರುಕು ಹುಡುಕಲು ಬಳಸುವ ಒಂದು ಸರಳ ಪರೀಕ್ಷೆಯನ್ನು ಮೇಜಿನ ಮೇಲೆಯೇ ತೋರಿಸಬಹುದು. ಲೋಹದ ತುಂಡಿಗೆ ಕೆಂಪು ದ್ರವ ಹಚ್ಚುತ್ತಾರೆ, ಅದು ಬಿರುಕಿನೊಳಗೆ ಇಳಿಯಲು ಬಿಡುತ್ತಾರೆ, ಮೇಲ್ಮೈಯನ್ನು ಒರೆಸಿ ಬಿಳಿ ಪುಡಿ ಸಿಂಪಡಿಸುತ್ತಾರೆ. ಕೂದಲಿಗಿಂತ ತೆಳ್ಳನೆಯ ಬಿರುಕು ಬಿಳಿಯ ಮೇಲೆ ಕೆಂಪು ಗೆರೆಯಾಗಿ ಎದ್ದು ಬರುತ್ತದೆ. ತಿಂಗಳಿಗೆ ಒಂದೆರಡು ಬಾರಿ ಐಟಿಐ ಬೋಧಕರಿಂದ, ಕೈಗವಸು ಹಾಕಿ, ಗಾಳಿಯಾಡುವ ಜಾಗದಲ್ಲಿ ಇದನ್ನು ಮಾಡಿಸಿ. ಹೀಗೆ ಹುಡುಕುವುದೂ ದೇಶಸೇವೆಯೇ ಎಂದು ಪ್ರತ್ಯೇಕ ಫಲಕ ಬೇಕಿಲ್ಲ.

ಚರಿತ್ರೆಗೆ ಒಂದು ಗೋಡೆ ಸಾಕು, ಆದರೆ ಆರಿಸಿಕೊಂಡು ಹೇಳಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದ್ದು. ಮಹಾಯುದ್ಧದ ಕಾಲದಲ್ಲಿ ದುರಸ್ತಿಗೆಂದು ಬಂದ ಕ್ಯಾಟಲೀನಾ ಹಾರುದೋಣಿಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದದ್ದು. ಜರ್ಮನಿಯಲ್ಲಿ ವಾಯುಚಲನೆಯ ವಿಜ್ಞಾನಿ ಪ್ರಾಂಟ್ಲ್ ಅವರ ಬಳಿ ಕಲಿತು ಬಂದ ವಿ. ಎಂ. ಘಾಟಗೆ ಅವರ ಮುಂದಾಳತ್ವದಲ್ಲಿ 1951ರಲ್ಲಿ ಎಚ್‌ಟಿ-2 ಹಾರಿದ್ದು. ಜಕ್ಕೂರಿನ ಸರ್ಕಾರಿ ತರಬೇತಿ ಶಾಲೆಯಲ್ಲಿ 1949ರಲ್ಲಿ ಕಲಿತು ಪೈಲಟ್ ಆದ ಉಷಾ ಸುಂದರಂ ಅವರ ಚಿತ್ರ ಹೆಣ್ಣುಮಕ್ಕಳ ಕಣ್ಣಿನ ಎತ್ತರಕ್ಕೇ ಇರಲಿ. ಮಾರುತ್ ಬಗ್ಗೆ ಹೇಳುವಾಗ 1961ರ ಜೂನ್ 17ರ ಮೊದಲ ಹಾರಾಟದ ಹೆಮ್ಮೆಯ ಜೊತೆಗೆ, ಅದಕ್ಕೆಂದು ನೆಚ್ಚಿಕೊಂಡಿದ್ದ ಹೆಚ್ಚು ಶಕ್ತಿಯ ಎಂಜಿನ್ ಕೊನೆಗೂ ಸಿಗದೆ, ಅದರ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಕಲ್ಪಿಸಿದ ವೇಗವನ್ನು ಅದು ಮುಟ್ಟಲಾಗಲಿಲ್ಲ ಎಂಬುದನ್ನೂ ಬರೆಯಿರಿ. 1971ರ ಯುದ್ಧದಲ್ಲಿ ಅದೇ ವಿಮಾನ ರಾಜಸ್ಥಾನದ ಗಡಿಯಲ್ಲಿ ಚೆನ್ನಾಗಿ ಹೋರಾಡಿತು. ಎಂಜಿನ್ ಕೈಯಲ್ಲಿಲ್ಲದ ದೇಶ ಎಷ್ಟು ಒಳ್ಳೆಯ ವಿಮಾನ ಮಾಡಿದರೂ ಎಲ್ಲಿ ಸಿಕ್ಕಿಬೀಳುತ್ತದೆ ಎಂಬ ಪಾಠ ಇಂದಿಗೂ ಹಳತಾಗಿಲ್ಲ.

ಆ ಗೋಡೆಯ ಪಕ್ಕದಲ್ಲಿ ದನಿಗಳಿರಲಿ. ಬೆಂಗಳೂರಿನ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾಗಿ ಊರಿಗೆ ಮರಳಿದ ಫಿಟ್ಟರ್‌ಗಳು, ವೆಲ್ಡರ್‌ಗಳು, ಎಲೆಕ್ಟ್ರಿಷಿಯನ್‌ಗಳು ನಿಮ್ಮ ಸುತ್ತಲೇ ಇದ್ದಾರೆ. ಈಗಲೇ ಅವರ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳಿ, ಕಟ್ಟಡಕ್ಕೆ ಕಾಯಬೇಡಿ. ಅವರಿಗೆ ಸವೆದ ಉಪಕರಣವೊಂದನ್ನು ಕೈಗೆ ಕೊಟ್ಟು ಕೇಳಿದರೆ ಮಾತು ತಾನಾಗಿ ಹರಿಯುತ್ತದೆ.

ವಸ್ತುಗಳ ರಕ್ಷಣೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಹಳೆಯ ವಿಮಾನಗಳ ಕೆಲವು ಉಪಕರಣಗಳಲ್ಲಿ ಕತ್ತಲೆಯಲ್ಲಿ ಹೊಳೆಯಲೆಂದು ಅಂಕಿಗಳಿಗೆ ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಹೊಳಪು ಆರಿಹೋಗಿದ್ದರೂ ವಿಕಿರಣ ಹೋಗಿರುವುದಿಲ್ಲ, ರೇಡಿಯಂನ ಅರ್ಧಾಯುಷ್ಯವೇ ಸುಮಾರು 1,600 ವರ್ಷ. ಗುಜರಿಯಿಂದ ತಂದ ಯಾವುದೇ ಹಳೆಯ ಡಯಲನ್ನು ಪರೀಕ್ಷೆ ಮಾಡಿಸದೆ ಬಿಚ್ಚಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಮುಂದೆ ಯಾವಾಗಲಾದರೂ ಯುದ್ಧವಿಮಾನ ಬಂದರೆ, ಪೈಲಟನ್ನು ಹೊರಗೆ ಚಿಮ್ಮಿಸುವ ಆಸನದ ಸಿಡಿಮದ್ದು ತೆಗೆದಿದೆ ಎಂಬ ಲಿಖಿತ ಪ್ರಮಾಣಪತ್ರವಿಲ್ಲದೆ ಗೇಟಿನೊಳಗೆ ಬಿಡಬೇಡಿ. ಚೇತಕ್‌ನ ಭಾರ ಟೈರುಗಳ ಮೇಲೆ ಬೀಳದಂತೆ ಜ್ಯಾಕಿನ ಮೇಲೆ ನಿಲ್ಲಿಸಿ. ಒಡಲಿನ ತಳದ ನೀರು ಹರಿಯುವ ರಂಧ್ರಗಳು ಮುಚ್ಚದಂತೆ ನೋಡಿಕೊಳ್ಳಿ, ನೀರು ನಿಂತರೆ ಅಲ್ಯೂಮಿನಿಯಂ ಮತ್ತು ಉಕ್ಕಿನ ಮೊಳೆ ಸೇರುವಲ್ಲಿ ಸವೆತ ಶುರುವಾಗುತ್ತದೆ. ಕಾಪಾಡಬೇಕಾದ ವಸ್ತು ಬೇರೆ, ಸವೆಯಲೆಂದೇ ಇಟ್ಟ ವಸ್ತು ಬೇರೆ ಎಂದು ಮೊದಲ ದಿನವೇ ಎರಡು ಪಟ್ಟಿ ಮಾಡಿ. ನಿಜವಾದ ಕಾಕ್‌ಪಿಟ್ಟಿನಲ್ಲಿ ಎಲ್ಲರನ್ನೂ ಕೂರಿಸಿದರೆ ಒಂದೇ ಪ್ರವಾಸದ ಋತುವಿನಲ್ಲಿ ಸ್ವಿಚ್ಚುಗಳು ಕಿತ್ತುಬರುತ್ತವೆ. ಅದೇ ಅಳತೆಯ ಪ್ರತಿಕೃತಿಯನ್ನು ಕಬ್ಬಿಣ ಮತ್ತು ಪ್ಲೈವುಡ್ಡಿನಲ್ಲಿ ಮಾಡಿಸಿ ಮಕ್ಕಳನ್ನು ಅಲ್ಲಿ ಕೂರಿಸಿ. ಕಾಲಿನ ಪೆಡಲ್, ಎರಡು ಕೈಯ ಎರಡು ಲಿವರ್‌ಗಳು, ಅವು ಸ್ವಾಶ್‌ಪ್ಲೇಟಿಗೆ ತಲುಪುವ ಸರಳುಗಳು ಎಲ್ಲವೂ ಕಾಣುವಂತಿರಲಿ.

ಸಿಮ್ಯುಲೇಟರ್ ಆಮೇಲೆ ನೋಡೋಣ. ಒಬ್ಬರು ಕೂತಾಗ ನಲವತ್ತು ಮಂದಿ ಸಾಲಿನಲ್ಲಿ ನಿಲ್ಲುವ, ಕೆಟ್ಟರೆ ಬೆಂಗಳೂರಿನಿಂದ ಜನ ಬರಬೇಕಾದ ಯಂತ್ರಕ್ಕೆ ನಿಮ್ಮ ಮೊದಲ ಹಣವನ್ನು ಹಾಕಬೇಡಿ. ಅದರ ಬದಲು ಪರೀಕ್ಷಿಸಿದ ಒಂದು ಎತ್ತರಮಾಪಕ ಕೊಳ್ಳಿ. ಅದು ಗಾಳಿಯ ಒತ್ತಡ ಅಳೆಯುವ ಯಂತ್ರವಷ್ಟೇ, ಮೇಲೇರಿದಂತೆ ಒತ್ತಡ ಇಳಿಯುವುದನ್ನು ಅಡಿಗಳಲ್ಲಿ ತೋರಿಸುತ್ತದೆ. ತುಮಕೂರು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ, ದೇವರಾಯನದುರ್ಗ ಸುಮಾರು 1,200 ಮೀಟರ್. ಶಾಲೆಯ ತಂಡ ಅದನ್ನು ಬಸ್ಸಿನಲ್ಲಿ ಇಟ್ಟುಕೊಂಡು ಬೆಟ್ಟದ ತುದಿ ತಲುಪುವಷ್ಟರಲ್ಲಿ ಮುಳ್ಳು ಸಾವಿರ ಅಡಿಗೂ ಹೆಚ್ಚು ಏರಿರುತ್ತದೆ. ಸುಮಾರು 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿಯುತ್ತದೆ ಎಂದು ಅಲ್ಲಿಯೇ ಹೇಳಿದರೆ, ಸಿಯಾಚಿನ್‌ನಲ್ಲಿ ಚೀತಾದಂಥ ಪುಟ್ಟ ಹೆಲಿಕಾಪ್ಟರ್ ಕೆಲವೇ ಕಿಲೋಗಳ ಸಾಮಾನು ಹೊತ್ತೊಯ್ಯಲು ಏಕೆ ಒದ್ದಾಡುತ್ತದೆ ಎಂದು ಮಕ್ಕಳಿಗೆ ಹೊಳೆಯುತ್ತದೆ.

ಫಲಕಗಳು ಮೊದಲು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಐವತ್ತು ಪದ ಮೀರದಂತೆ ಇರಲಿ. ತಾಂತ್ರಿಕ ಪದಗಳಿಗೆ ಹೊಸ ಸಂಸ್ಕೃತ ಪದ ಕಟ್ಟುವ ಚಪಲ ಬೇಡ. ರೋಟರ್, ರಿವೆಟ್, ಗೇರ್ ಎಂದೇ ಬರೆಯಿರಿ, ಕಾರ್ಖಾನೆಯಲ್ಲಿ ಕೆಲಸ ಮಾಡುವವರೂ ಹಾಗೆಯೇ ಕರೆಯುತ್ತಾರೆ. ಇಳಿಜಾರುಗಳು ಗಾಲಿಕುರ್ಚಿಗೆ ಒಗ್ಗುವಂತೆ ಒಂದಕ್ಕೆ ಹನ್ನೆರಡರ ಅನುಪಾತದಲ್ಲಿರಲಿ. ಕಣ್ಣು ಕಾಣದವರಿಗೆ ಚೇತಕ್‌ನ ಒಂದು ಗಟ್ಟಿ ಪುಟ್ಟ ಮಾದರಿ, ಜೊತೆಗೆ ಕನ್ನಡ ಬ್ರೈಲ್. ಕರೆಂಟು ಹೋದರೂ ನಡೆಯುವ ಪ್ರದರ್ಶನಗಳೇ ಹೆಚ್ಚಿರಲಿ. ಶೌಚಾಲಯ, ಕುಡಿಯುವ ನೀರು, ಬಸ್ ತಿರುಗಿಸುವ ಜಾಗ ಇವನ್ನು ನಕ್ಷೆಯಲ್ಲಿ ಮೊದಲು ಗುರುತಿಸಿ. ಡಿಸೆಂಬರ್, ಜನವರಿಯ ಶೈಕ್ಷಣಿಕ ಪ್ರವಾಸಗಳಲ್ಲಿ ಒಟ್ಟಿಗೆ ಮೂರು ಬಸ್ ಬಂದಾಗ ನಿಮ್ಮ ಹೆಸರು ಉಳಿಯುವುದೂ ಹೋಗುವುದೂ ಇವುಗಳಿಂದಲೇ. ತಗಡಿನ ಚಾವಣಿಯ ಕೆಳಗೆ ನೂರು ಮಕ್ಕಳ ಗದ್ದಲದಲ್ಲಿ ವಿವರಿಸುವವರ ದನಿ ಕೇಳುವುದಿಲ್ಲ. ತೆಂಗಿನ ನಾರಿನ ಹಲಗೆಗಳನ್ನು ಚಾವಣಿಗೆ ಹೊಡೆಸಿದರೆ ಪ್ರತಿಧ್ವನಿ ಬಹಳ ತಗ್ಗುತ್ತದೆ.

ಬಾಗಿಲಲ್ಲಿ ನಿಂತೊಡನೆ ಎಲ್ಲವೂ ಕಾಣಬಾರದು. ಗುಬ್ಬಿ ಕಂಪನಿಯವರು ರಂಗದ ಮೇಲೆ ಆನೆ, ಕುದುರೆಗಳನ್ನೇ ತಂದರು, ಆದರೆ ಪರದೆ ಏಳುವ ಮೊದಲೇ ಯಾರಿಗೂ ತೋರಿಸಲಿಲ್ಲ. ಬೀಜದ ಕೊಳವೆ, ಗಿರಗಿಟ್ಲೆ, ಗಾಳಿಸುರಂಗ ದಾಟಿ ಗೋಡೆಯೊಂದನ್ನು ಬಳಸಿ ತಿರುಗಿದಾಗ ಚೇತಕ್ ಎದುರಾಗಲಿ.

ಇಷ್ಟೆಲ್ಲ ಹೇಳಿದರೂ, ಒಂದು ಸಂಗ್ರಹಾಲಯವನ್ನು ಜೀವಂತವಾಗಿಡುವುದು ಅಲ್ಲಿ ಮಾತನಾಡುವ ಜನ. ಐಟಿಐ, ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಗೌರವಧನ ಕೊಟ್ಟು ವಿವರಣೆಕಾರರನ್ನಾಗಿ ತರಬೇತಿ ಕೊಡಿ. ಕಂಠಪಾಠ ಒಪ್ಪಿಸುವವರು ಬೇಡ. ಬಂದವರನ್ನು ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯುವ ತಾಳ್ಮೆ ಇರುವವರು ಬೇಕು. ವರ್ಷದ ಆಯವ್ಯಯದಲ್ಲಿ ಕಟ್ಟಡಕ್ಕಿಂತ ಮೊದಲು ಇವರ ಸಂಬಳದ ಸಾಲು ಬರೆಯಿರಿ.

ಕಟ್ಟಡದ ಕೆಲಸಕ್ಕೆ ಕೈ ಹಾಕುವ ಮುನ್ನ ಒಂದು ಪರೀಕ್ಷೆ ಮಾಡಿ. ಶಿವರಾತ್ರಿಯ ಸಮಯದಲ್ಲಿ ಸಿದ್ಧಗಂಗೆಯ ಜಾತ್ರೆಯ ಜೊತೆ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನ ನಡೆಯುತ್ತದೆ. ಅಲ್ಲಿ ಒಂದು ಮಳಿಗೆ ಕೇಳಿ ಪಡೆಯಿರಿ. ಬೀಜದ ಕೊಳವೆ, ಕ್ಲೀಕೋ ಮೇಜು, ಪ್ಲೈವುಡ್ ಗಾಳಿಸುರಂಗ, ಮರದ ರೋಟರ್ ಇಷ್ಟನ್ನೇ ಇಡಿ. ಒಬ್ಬರು ಮೂಲೆಯಲ್ಲಿ ಕೂತು ಬರೆದುಕೊಳ್ಳಲಿ: ಯಾವುದರ ಮುಂದೆ ಜನ ಎಷ್ಟು ಹೊತ್ತು ನಿಂತರು, ಏನು ಕೇಳಿದರು, ಯಾವುದನ್ನು ತಪ್ಪಾಗಿ ಹಿಡಿದರು, ಯಾವ ಹಿಡಿಕೆ ಮೊದಲು ಮುರಿಯಿತು, ಹೊಲದಿಂದ ನೇರವಾಗಿ ಬಂದ ರೈತ ದಂಪತಿ ಯಾವುದನ್ನು ಮುಟ್ಟಲು ಹಿಂಜರಿದರು. ಒಂದು ಜಾತ್ರೆಯಲ್ಲಿ ಸಿಗುವ ಈ ಟಿಪ್ಪಣಿ ಯಾವ ಸಲಹೆಗಾರನ ವರದಿಗಿಂತಲೂ ಬೆಲೆಯುಳ್ಳದ್ದು, ನನ್ನದನ್ನೂ ಸೇರಿಸಿ ಹೇಳುತ್ತಿದ್ದೇನೆ.

ನಕ್ಷೆ ಕಳುಹಿಸುವಾಗ ಗೋದಾಮಿನ ಬಾಗಿಲಿನ ಅಗಲ ಮತ್ತು ಎತ್ತರ, ಒಳಗಿನ ಕಂಬಗಳ ನಡುವಿನ ಅಂತರ, ಚಾವಣಿಯ ಅತಿ ತಗ್ಗಿನ ಜಾಗದ ಅಳತೆ, ಹೆದ್ದಾರಿಯಿಂದ ಗೇಟಿನವರೆಗಿನ ದಾರಿಯಲ್ಲಿ ಅಡ್ಡ ಬರುವ ವಿದ್ಯುತ್ ತಂತಿಗಳ ಎತ್ತರ ಇವನ್ನು ಬರೆದು ಕಳುಹಿಸಿ. 11 ಮೀಟರಿನ ವೃತ್ತ ಕಂಬಗಳ ನಡುವೆ ಕೂರದಿದ್ದರೆ ಅಂಗಳದಲ್ಲಿ ಬದಿ ತೆರೆದ ಶೆಡ್ ಹಾಕುವುದು ಒಳ್ಳೆಯದು. ಅದನ್ನು ಎಲ್ಲಿ, ಯಾವ ದಿಕ್ಕಿಗೆ ಹಾಕಬೇಕು ಎಂದು ಅಳತೆ ನೋಡಿ ತಿಳಿಸುತ್ತೇನೆ.